ಪ್ರೌಢಶಾಲಾ ಸಮಾಜ ವಿಜ್ಞಾನ ಶಿಕ್ಷಕ ವೃತ್ತಿಗೆ ಸಿದ್ಧತೆ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಮಾಹಿತಿ

ಪ್ರೌಢಶಾಲೆಯ ಹತ್ತನೇ ತರಗತಿಯಲ್ಲಿ ಓದುತ್ತಿರುವ ವಿದ್ಯಾರ್ಥಿ ಎರಡು ಮೂರು ವರ್ಷಗಳಲ್ಲಿ ಮತದಾರನಾಗುತ್ತಾನೆ. ಸಂವಿಧಾನದ 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಬಳಿಕ ಪ್ರೌಢಶಾಲೆಗೂ ಮತಗಟ್ಟೆಗೂ ಇರುವ ಅಂತರ ಬಹಳ ಕಡಿಮೆಯಾಗಿದೆ. ಎಸ್.ಎಸ್.ಎಲ್.ಸಿ. ನಂತರ ವಿಜ್ಞಾನ ವಿಭಾಗಕ್ಕೆ, ಐ.ಟಿ.ಐ.ಗೆ ಅಥವಾ ದುಡಿಮೆಗೆ ಹೋಗುವ ಬಹುಪಾಲು ಮಕ್ಕಳಿಗೆ ಸಂವಿಧಾನ, ಚುನಾವಣೆ, ತೆರಿಗೆ, ಸಹಕಾರ, ನಾಡಿನ ಇತಿಹಾಸ ಇವುಗಳನ್ನು ಕ್ರಮವಾಗಿ ಕಲಿಯುವ ಕೊನೆಯ ಅವಕಾಶ ಹತ್ತನೇ ತರಗತಿಯ ಸಮಾಜ ವಿಜ್ಞಾನವೇ ಆಗಿರುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಪ್ರಜೆ ರೂಪುಗೊಳ್ಳುವುದೂ ಗ್ರಾಮಸಭೆಗೆ ಬಾರದೆ ಮನೆಯಲ್ಲೇ ಉಳಿಯುವ ಪ್ರಜೆ ರೂಪುಗೊಳ್ಳುವುದೂ ಬಹುಮಟ್ಟಿಗೆ ಈ ತರಗತಿಯಲ್ಲಿ. ಆದ್ದರಿಂದ ಈ ವಿಷಯವನ್ನು ಬೋಧಿಸುವವರು ಹೇಗೆ ಸಿದ್ಧರಾಗುತ್ತಾರೆ ಎಂಬುದು ಶಿಕ್ಷಣ ಇಲಾಖೆಯೊಂದಿಗೆ ಗ್ರಾಮ ಪಂಚಾಯಿತಿಗೂ ಸಂಬಂಧಿಸಿದ ಸಂಗತಿಯಾಗಿದೆ.

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನು ಒಳಗೊಂಡ ಶಿಕ್ಷಣ ಅವುಗಳಲ್ಲಿ 17ನೆಯದು, ಗ್ರಂಥಾಲಯಗಳು 20ನೆಯದು. ಶಿಕ್ಷಕರನ್ನು ನೇಮಿಸುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ಆದರೆ ಶಿಕ್ಷಕರಾಗಬಯಸುವ ಗ್ರಾಮೀಣ ಯುವಜನರಿಗೆ ಸಕಾಲದಲ್ಲಿ ಮಾಹಿತಿ ಒದಗಿಸಲು ಹಾಗೂ ಅವರ ಕಲಿಕೆಗೆ ಪಂಚಾಯಿತಿಯ ದಾಖಲೆ, ಸಭೆ ಮತ್ತು ಗ್ರಂಥಾಲಯವನ್ನು ತೆರೆದಿಡಲು ಯಾವ ಅಡ್ಡಿಯೂ ಇಲ್ಲ. ಗ್ರಾಮೀಣ ಅಭ್ಯರ್ಥಿಗಳು ಹಿಂದೆ ಬೀಳುವುದು ಅನೇಕ ವೇಳೆ ಸಾಮರ್ಥ್ಯದ ಕೊರತೆಯಿಂದಲ್ಲ, ತಿಳಿಯಬೇಕಾದ ಸಂಗತಿ ತಡವಾಗಿ ತಿಳಿಯುವುದರಿಂದ. ಸದಸ್ಯರು ತಮ್ಮ ವಾರ್ಡಿನ ಯುವಕ ಯುವತಿಯರಿಗೆ ಸರಿಯಾದ ಮಾರ್ಗದರ್ಶನ ನೀಡಲು ಅನುಕೂಲವಾಗಲೆಂದು ಮುಂದಿನ ವಿವರಗಳನ್ನು ಒದಗಿಸಲಾಗಿದೆ.

ಒಂದು ವಿಷಯ, ಆರು ಶಾಖೆಗಳು

ರಾಜ್ಯ ಪಠ್ಯಕ್ರಮದಲ್ಲಿ ಪ್ರೌಢಶಾಲೆ ಎಂದರೆ 8ರಿಂದ 10ನೇ ತರಗತಿ. ಈ ಹಂತದ ಸಮಾಜ ವಿಜ್ಞಾನ ಪಠ್ಯಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನ ಎಂಬ ಆರು ಶಾಖೆಗಳಿವೆ. ಆರನ್ನೂ ಒಬ್ಬರೇ ಶಿಕ್ಷಕರು ಬೋಧಿಸಬೇಕು. ಪದವಿಯಲ್ಲಿ ಈ ಆರನ್ನೂ ಓದಿದವರು ಯಾರೂ ಇರುವುದಿಲ್ಲ. ಕಲಾ ಪದವೀಧರರು ಸಾಮಾನ್ಯವಾಗಿ ಎರಡು ಅಥವಾ ಮೂರು ವಿಷಯಗಳನ್ನು ಓದಿರುತ್ತಾರೆ. ಇತಿಹಾಸ ಓದಿದವರಿಗೆ ಅಕ್ಷಾಂಶ ರೇಖಾಂಶಗಳು ಅಪರಿಚಿತ, ಅರ್ಥಶಾಸ್ತ್ರ ಓದಿದವರಿಗೆ ಶಾಸನಗಳು ಅಪರಿಚಿತ.

ಈ ಕೊರತೆ ತರಗತಿಯಲ್ಲಿ ಎದ್ದು ಕಾಣುವುದು ಭೂಗೋಳದಲ್ಲಿ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಸಮಾಜ ವಿಜ್ಞಾನಕ್ಕೆ 80 ಅಂಕಗಳ ಲಿಖಿತ ಪರೀಕ್ಷೆ ಮತ್ತು 20 ಅಂಕಗಳ ಆಂತರಿಕ ಮೌಲ್ಯಮಾಪನವಿದ್ದು, ಭಾರತದ ನಕ್ಷೆ ಬರೆದು ಸ್ಥಳಗಳನ್ನು ಗುರುತಿಸುವ ಪ್ರಶ್ನೆ ಲಿಖಿತ ಪರೀಕ್ಷೆಯ ಭಾಗವಾಗಿದೆ. ಶಿಕ್ಷಕರೇ ಕಪ್ಪುಹಲಗೆಯ ಮೇಲೆ ನಕ್ಷೆ ಬರೆಯಲು ಹಿಂಜರಿದರೆ ಮಕ್ಕಳು ಆ ಪ್ರಶ್ನೆಯನ್ನು ಬಿಟ್ಟೇ ಬಿಡುತ್ತಾರೆ. ಆದ್ದರಿಂದ ಈ ವೃತ್ತಿಯನ್ನು ಆಯ್ದುಕೊಳ್ಳುವವರು ಪದವಿಯಲ್ಲಿ ಓದದೆ ಬಿಟ್ಟ ಶಾಖೆಗಳನ್ನು ಸ್ವಂತ ಅಭ್ಯಾಸದಿಂದ ತುಂಬಿಕೊಳ್ಳಬೇಕು. ಇದಕ್ಕೆ ಸುಲಭವಾದ ಕ್ರಮವೊಂದಿದೆ. ಮೊದಲು 6ರಿಂದ 10ನೇ ತರಗತಿಯವರೆಗಿನ ಸಮಾಜ ವಿಜ್ಞಾನ ಪಠ್ಯಪುಸ್ತಕಗಳನ್ನು ಒಂದು ಸಾಲನ್ನೂ ಬಿಡದೆ ಓದುವುದು, ಅನಂತರ ಪದವಿಪೂರ್ವ ತರಗತಿಗಳ ಪುಸ್ತಕಗಳಿಗೆ ಹೋಗುವುದು, ದಿನಕ್ಕೊಂದರಂತೆ ನಕ್ಷೆ ಬರೆಯುವುದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಈ ಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಮಾರ್ಗದರ್ಶಿಗಳನ್ನು ಕೊಳ್ಳುವ ಮೊದಲು ಇವುಗಳನ್ನು ಮುಗಿಸುವುದು ಸೂಕ್ತ.

ಮೊದಲ ಕವಲು: ಪದವಿಯ ವಿಷಯಗಳ ಆಯ್ಕೆ

ಶಿಕ್ಷಕ ವೃತ್ತಿಯ ದಾರಿ ಬಿ.ಇಡಿ.ಯಿಂದ ಆರಂಭವಾಗುತ್ತದೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅದು ಪದವಿ ಪ್ರವೇಶದ ದಿನ, ಅರ್ಜಿಯಲ್ಲಿ ಐಚ್ಛಿಕ ವಿಷಯಗಳನ್ನು ಬರೆಯುವಾಗಲೇ ಆರಂಭವಾಗುತ್ತದೆ. ಯಾವ ಹುದ್ದೆಗೆ ಪದವಿಯಲ್ಲಿ ಯಾವ ವಿಷಯಗಳನ್ನು ಓದಿರಬೇಕು ಎಂಬುದನ್ನು ಆಯಾ ವೃಂದ ಮತ್ತು ನೇಮಕಾತಿ ನಿಯಮಗಳು ನಿಗದಿಪಡಿಸುತ್ತವೆ. ಅಂಕ ಎಷ್ಟೇ ಇದ್ದರೂ ವಿಷಯ ಹೊಂದದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ.

ಇದಕ್ಕೊಂದು ನಿದರ್ಶನವಾಗಿ ಕೇಂದ್ರೀಯ ವಿದ್ಯಾಲಯಗಳ ನಿಯಮವನ್ನು ನೋಡಬಹುದು. ಅಲ್ಲಿ ಪದವೀಧರ ಸಮಾಜ ವಿಜ್ಞಾನ ಶಿಕ್ಷಕರಾಗಲು ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಪೈಕಿ ಎರಡನ್ನು ಪದವಿಯಲ್ಲಿ ಓದಿರಬೇಕು. ಆ ಎರಡರಲ್ಲಿ ಒಂದು ಇತಿಹಾಸ ಅಥವಾ ಭೂಗೋಳವಾಗಿರಲೇಬೇಕು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರಗಳನ್ನು ಓದಿದ ವಿದ್ಯಾರ್ಥಿನಿಯೊಬ್ಬಳು ಎಷ್ಟೇ ಉತ್ತಮ ಅಂಕ ಗಳಿಸಿದ್ದರೂ ಈ ಹುದ್ದೆಗೆ ಅರ್ಹಳಾಗುವುದಿಲ್ಲ. ಪದವಿ ಮುಗಿದ ಮೇಲೆ ಈ ಸಂಗತಿ ತಿಳಿದರೆ ಅದನ್ನು ಸರಿಪಡಿಸಲು ಮತ್ತೆ ವರ್ಷಗಳು ಬೇಕು. ಪ್ರವೇಶದ ದಿನ ತಿಳಿದಿದ್ದರೆ ಒಂದು ವಿಷಯವನ್ನು ಬದಲಾಯಿಸಿದರೆ ಸಾಕಿತ್ತು. ಆದ್ದರಿಂದ ದ್ವಿತೀಯ ಪಿ.ಯು.ಸಿ. ಮುಗಿಸಿ ಕಲಾ ಪದವಿಗೆ ಹೊರಡುವ, ಶಿಕ್ಷಕರಾಗುವ ಆಸೆಯುಳ್ಳ ಮಕ್ಕಳಿಗೆ ಇತಿಹಾಸ ಅಥವಾ ಭೂಗೋಳವನ್ನು ಬಿಡಬಾರದೆಂಬ ಒಂದು ಮಾತನ್ನು ಸದಸ್ಯರು ತಪ್ಪದೆ ತಿಳಿಸಬೇಕು. ರಾಜ್ಯ ಸರ್ಕಾರದ ಹುದ್ದೆಗಳ ಕುರಿತು ಇತ್ತೀಚಿನ ನೇಮಕಾತಿ ಅಧಿಸೂಚನೆಯನ್ನೇ ನೋಡಿ ವಿಷಯ ಆಯ್ಕೆ ಮಾಡುವಂತೆ ಸಲಹೆ ನೀಡಬೇಕು.

ಪದವಿಯ ಅವಧಿಯ ಕುರಿತೂ ಗೊಂದಲವಿದೆ. ರಾಜ್ಯದಲ್ಲಿ 2021-22ನೇ ಸಾಲಿನಿಂದ ಜಾರಿಗೆ ಬಂದಿದ್ದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು ಕೈಬಿಟ್ಟು 2024-25ನೇ ಸಾಲಿನಿಂದ ಮೂರು ವರ್ಷದ ಪದವಿಗೆ ಮರಳಲಾಗಿದೆ. ನಡುವಿನ ವರ್ಷಗಳಲ್ಲಿ ಪ್ರವೇಶ ಪಡೆದವರು ತಾವು ಓದಿದ ವಿಷಯಗಳ ಹೆಸರು ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಗಳಲ್ಲಿ ಸ್ಪಷ್ಟವಾಗಿ ನಮೂದಾಗಿದೆಯೇ ಎಂದು ಪರಿಶೀಲಿಸಿಕೊಳ್ಳಬೇಕು.

ಎರಡನೆಯ ಕವಲು: ಬಿ.ಇಡಿ. ಪದವಿ

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಬಿ.ಇಡಿ. ಎರಡು ವರ್ಷದ ಶಿಕ್ಷಣವಾಗಿದೆ. ಕಲಾ ಪದವೀಧರರು ಪ್ರವೇಶ ಪಡೆಯಲು ಪದವಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ 50 ಅಂಕ ಪಡೆದಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತಿತರ ವರ್ಗಗಳಿಗೆ ಸರ್ಕಾರದ ನಿಯಮಾನುಸಾರ ಸಡಿಲಿಕೆ ಇದೆ. ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕವು ಪದವಿಯ ಅಂಕ ಮತ್ತು ಮೀಸಲಾತಿಯ ಆಧಾರದಲ್ಲಿ ಹಂಚುತ್ತದೆ. ಪದವಿಯ ಮೊದಲ ಸೆಮಿಸ್ಟರ್‌ನಿಂದಲೇ ಪ್ರತಿ ಅಂಕವೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು.

ಬಿ.ಇಡಿ. ಶಿಕ್ಷಣದಲ್ಲಿ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳಿರಬೇಕು. ತರಗತಿ ಮತ್ತು ಪ್ರಾಯೋಗಿಕ ಚಟುವಟಿಕೆಗಳಿಗೆ ಶೇ 80, ಶಾಲಾ ತರಬೇತಿಗೆ ಶೇ 90 ಹಾಜರಾತಿ ಕಡ್ಡಾಯ. ಬಾಲ್ಯ ಮತ್ತು ಬೆಳವಣಿಗೆ, ಕಲಿಕೆ ಮತ್ತು ಬೋಧನೆ, ಲಿಂಗತ್ವ ಮತ್ತು ಸಮಾಜ, ಕಲಿಕೆಯ ಮೌಲ್ಯಮಾಪನ, ಸಮನ್ವಯ ಶಾಲೆ ಮುಂತಾದವು ಪಠ್ಯವಿಷಯಗಳು. ಪಾಠಯೋಜನೆ ಬರೆಯುವುದು, ಸಹಪಾಠಿಗಳ ಮುಂದೆ ಐದಾರು ನಿಮಿಷದ ಸೂಕ್ಷ್ಮ ಬೋಧನೆ ಮಾಡುವುದು ಅಭ್ಯಾಸದ ಮೊದಲ ಹಂತ. ಎರಡು ವರ್ಷಗಳಲ್ಲಿ ಒಟ್ಟು ಕನಿಷ್ಠ 20 ವಾರ, ಅಂದರೆ ಮೊದಲ ವರ್ಷ 4 ಮತ್ತು ಎರಡನೆಯ ವರ್ಷ 16 ವಾರ, ಪ್ರಶಿಕ್ಷಣಾರ್ಥಿಗಳು ಶಾಲೆಗಳಲ್ಲಿದ್ದು ನೈಜ ತರಗತಿಗಳನ್ನು ನಡೆಸಬೇಕು. ಶಿಕ್ಷಕರು ನಿಜವಾಗಿ ರೂಪುಗೊಳ್ಳುವುದು ಈ 20 ವಾರಗಳಲ್ಲಿ.

ಇಲ್ಲಿಯೇ ಮೋಸದ ಸಂಭವವೂ ಹೆಚ್ಚು. ಕಾಲೇಜಿಗೆ ಹೋಗುವ ಅಗತ್ಯವಿಲ್ಲ, ಹಣ ಕಟ್ಟಿ ಪರೀಕ್ಷೆ ಬರೆದರೆ ಸಾಕು ಎಂದು ಹೇಳಿ ಹೊರ ಊರಿನ ಅಥವಾ ಹೊರ ರಾಜ್ಯದ ಕಾಲೇಜುಗಳಿಗೆ ಸೇರಿಸುವ ಮಧ್ಯವರ್ತಿಗಳ ಮಾತಿಗೆ ಗ್ರಾಮೀಣ ಕುಟುಂಬಗಳು ಮರುಳಾಗುವ ಅಪಾಯವಿದೆ. ಮೇಲೆ ಹೇಳಿದ ಹಾಜರಾತಿ ನಿಯಮವನ್ನು ನೋಡಿದರೆ ಅಂತಹ ಬಿ.ಇಡಿ.ಗೆ ಅವಕಾಶವೇ ಇಲ್ಲವೆಂಬುದು ಸ್ಪಷ್ಟವಾಗುತ್ತದೆ. ದೂರಶಿಕ್ಷಣದ ಬಿ.ಇಡಿ. ಇರುವುದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ ಮಾತ್ರ. ಹೊಸದಾಗಿ ಪದವಿ ಮುಗಿಸಿದವರು ಅದಕ್ಕೆ ಸೇರುವಂತಿಲ್ಲ. ಕಾಲೇಜಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಮತ್ತು ವಿಶ್ವವಿದ್ಯಾಲಯದ ಸಂಯೋಜನೆ ಎರಡೂ ಇವೆಯೇ ಎಂದು ಶುಲ್ಕ ಕಟ್ಟುವ ಮೊದಲು ಖಚಿತಪಡಿಸಿಕೊಳ್ಳಬೇಕು. ಜಮೀನು ಒತ್ತೆಯಿಟ್ಟು ಪಡೆದ ಪದವಿ ದಾಖಲಾತಿ ಪರಿಶೀಲನೆಯ ದಿನ ಬೆಲೆಯಿಲ್ಲದ ಕಾಗದವಾದರೆ ಆ ಕುಟುಂಬ ಹಣದೊಂದಿಗೆ ಎರಡು ವರ್ಷಗಳನ್ನೂ ಕಳೆದುಕೊಳ್ಳುತ್ತದೆ.

ಇನ್ನೊಂದು ದಾರಿಯೂ ಇದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಆಶಯದಂತೆ ಪಿ.ಯು.ಸಿ. ಬಳಿಕ ಪದವಿ ಮತ್ತು ಬಿ.ಇಡಿ. ಎರಡನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಮುಗಿಸುವ ಸಂಯೋಜಿತ ಶಿಕ್ಷಕ ಶಿಕ್ಷಣ ಕಾರ್ಯಕ್ರಮ ಆರಂಭವಾಗಿದೆ. ಮೂರು ಮತ್ತು ಎರಡು ಸೇರಿ ಐದು ವರ್ಷ ಹಿಡಿಯುವ ಓದು ಇದರಿಂದ ಒಂದು ವರ್ಷ ಕಡಿಮೆಯಾಗುತ್ತದೆ. ಪ್ರವೇಶಕ್ಕೆ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಇದೆ. 1963ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ನಾಲ್ಕು ವರ್ಷದ ಸಂಯೋಜಿತ ಶಿಕ್ಷಕ ಶಿಕ್ಷಣವನ್ನು ದಶಕಗಳಿಂದ ನಡೆಸುತ್ತ ಬಂದಿದ್ದು, ದಕ್ಷಿಣದ ರಾಜ್ಯಗಳ ವಿದ್ಯಾರ್ಥಿಗಳು ಅಲ್ಲಿ ಓದುತ್ತಾರೆ. ಗ್ರಾಮೀಣ ಪದವಿಪೂರ್ವ ಕಾಲೇಜುಗಳಿಗೆ ಈ ಪ್ರವೇಶ ಪರೀಕ್ಷೆಯ ಮಾಹಿತಿ ತಲುಪಬೇಕಾಗಿದೆ.

ಮೂರನೆಯ ಕವಲು: ಪರೀಕ್ಷೆ ಮತ್ತು ಪ್ರಮಾಣಪತ್ರ

ಸಮಾಜ ವಿಜ್ಞಾನ ಓದಿದ ಬಿ.ಇಡಿ. ಪದವೀಧರರ ಮುಂದೆ ಮುಖ್ಯವಾಗಿ ಎರಡು ಬಗೆಯ ಹುದ್ದೆಗಳಿವೆ. ಮೊದಲನೆಯದು 6ರಿಂದ 8ನೇ ತರಗತಿಗಳಿಗೆ ಬೋಧಿಸುವ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ. ಎರಡನೆಯದು ಪ್ರೌಢಶಾಲಾ ಸಹ ಶಿಕ್ಷಕರ ಹುದ್ದೆ. ಸ್ನಾತಕೋತ್ತರ ಪದವಿಯನ್ನೂ ಪಡೆದವರು ಪದವಿಪೂರ್ವ ಕಾಲೇಜಿನ ಉಪನ್ಯಾಸಕರ ಹುದ್ದೆಗೂ ಪ್ರಯತ್ನಿಸಬಹುದು.

ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ.ಯಲ್ಲಿ ತೇರ್ಗಡೆ ಕಡ್ಡಾಯ. ಇದರ ಎರಡನೇ ಪತ್ರಿಕೆ 6ರಿಂದ 8ನೇ ತರಗತಿಗಳಿಗೆ ಸಂಬಂಧಿಸಿದೆ. ಒಟ್ಟು 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಶಿಶು ವಿಕಸನ ಮತ್ತು ಬೋಧನಾಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಸಮಾಜ ವಿಜ್ಞಾನಕ್ಕೆ 60 ಅಂಕಗಳಿವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರು ಶೇ 60 ಅಂಕ ಪಡೆಯಬೇಕು, ಮೀಸಲು ವರ್ಗಗಳಿಗೆ ರಿಯಾಯಿತಿ ಇದೆ. ಹಿಂದೆ ಏಳು ವರ್ಷಕ್ಕೆ ಸೀಮಿತವಾಗಿದ್ದ ಈ ಪ್ರಮಾಣಪತ್ರವು 2021ರ ನಿರ್ಧಾರದಂತೆ ಜೀವಿತಾವಧಿಗೆ ಮಾನ್ಯವಾಗಿದೆ. ಆದರೆ ಟಿ.ಇ.ಟಿ. ಅರ್ಹತೆ ಮಾತ್ರ, ಅದರಿಂದಲೇ ಕೆಲಸ ದೊರೆಯುವುದಿಲ್ಲ. ನೇಮಕಾತಿಗೆ ಪ್ರತ್ಯೇಕ ಸ್ಪರ್ಧಾತ್ಮಕ ಪರೀಕ್ಷೆ ಇರುತ್ತದೆ. ಪ್ರೌಢಶಾಲಾ ಹುದ್ದೆಯ ಅರ್ಹತೆ ಮತ್ತು ಪರೀಕ್ಷಾ ಕ್ರಮವನ್ನು ಆಯಾ ಅಧಿಸೂಚನೆಯಲ್ಲಿಯೇ ನೋಡಬೇಕು. ಪ್ರೌಢಶಾಲೆಯೇ ಗುರಿಯಾದವರಿಗೂ ಟಿ.ಇ.ಟಿ. ಬರೆಯುವುದು ಲಾಭದಾಯಕ. ಪದವೀಧರ ಪ್ರಾಥಮಿಕ ಹುದ್ದೆಯ ಬಾಗಿಲು ಇದರಿಂದ ತೆರೆದಿರುತ್ತದೆ.

ನೇಮಕಾತಿ ಅಧಿಸೂಚನೆಗಳು ವರ್ಷಗಳ ಅಂತರದಲ್ಲಿ ಬರುವುದರಿಂದ ಒಂದು ಅವಕಾಶ ತಪ್ಪಿದರೆ ವಯೋಮಿತಿಯ ಭಯ ಎದುರಾಗುತ್ತದೆ. ಇಂತಹ ಅವಕಾಶ ಪ್ರಮಾಣಪತ್ರಗಳ ಕಾರಣದಿಂದ ತಪ್ಪಿಹೋಗುವುದನ್ನು ತಡೆಯುವುದು ಗ್ರಾಮ ಪಂಚಾಯಿತಿಯ ಕೈಯಳತೆಯಲ್ಲಿರುವ ಕೆಲಸ. ಗಮನಿಸಬೇಕಾದ ಪ್ರಮಾಣಪತ್ರಗಳು ಇವು:

1. ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ: 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಸಂಬಂಧಿಸಿದ್ದು. ಶಾಲೆಯ ಮುಖ್ಯ ಶಿಕ್ಷಕರ ಸಹಿ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುರುಜು ಬೇಕು. ಸಾಮಾನ್ಯ ವರ್ಗದ ಗ್ರಾಮೀಣ ಅಭ್ಯರ್ಥಿಗಳು ಮೇಲ್ಸ್ತರಕ್ಕೆ ಸೇರಿಲ್ಲವೆಂಬ ತಹಶೀಲ್ದಾರರ ಪ್ರಮಾಣಪತ್ರವನ್ನೂ ಹೊಂದಿರಬೇಕು.

2. ಕನ್ನಡ ಮಾಧ್ಯಮ ಪ್ರಮಾಣಪತ್ರ: 1ರಿಂದ 10ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ.

3. ಜಾತಿ ಮತ್ತು ಆದಾಯ ಪ್ರಮಾಣಪತ್ರ: ಆದಾಯ ಮಿತಿಗೆ ಒಳಪಟ್ಟ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದೆ. ಅವಧಿ ಮುಗಿದಿದ್ದರೆ ಅರ್ಜಿಗೆ ಮೊದಲೇ ಹೊಸದನ್ನು ಪಡೆಯಬೇಕು.

4. ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರ: ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸ್ಥಳೀಯ ಅಭ್ಯರ್ಥಿಗಳಿಗೆ. ಇದನ್ನು ಉಪವಿಭಾಗಾಧಿಕಾರಿಯವರಿಂದ ಪಡೆಯಬೇಕು.

ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದೊಳಗೆ ಪಡೆದ, ನಿಗದಿತ ನಮೂನೆಯ ಪ್ರಮಾಣಪತ್ರಗಳನ್ನು ಮಾತ್ರ ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಓದಿದ ಶಾಲೆ ಮುಚ್ಚಿದ್ದರೆ ಅಥವಾ ಮೂರು ನಾಲ್ಕು ಶಾಲೆಗಳಲ್ಲಿ ಓದಿದ್ದರೆ ಹಳೆಯ ದಾಖಲೆ ಹುಡುಕಲು ವಾರಗಳೇ ಬೇಕಾಗುತ್ತವೆ. ಅಧಿಸೂಚನೆ ಹೊರಡುವ ಮುನ್ನವೇ ಇವುಗಳನ್ನು ಸಿದ್ಧವಾಗಿಟ್ಟುಕೊಳ್ಳುವಂತೆ ವಾರ್ಡ್ ಸಭೆಯಲ್ಲಿ ಒಂದು ಪ್ರಕಟಣೆ ನೀಡುವುದರಿಂದ ಅನೇಕರಿಗೆ ಪ್ರಯೋಜನವಾಗುತ್ತದೆ.

ಗ್ರಾಮವೇ ಪ್ರಯೋಗಶಾಲೆ

ವಿಜ್ಞಾನ ಶಿಕ್ಷಕರಿಗೆ ಪ್ರಯೋಗಶಾಲೆ ಇದೆ. ಸಮಾಜ ವಿಜ್ಞಾನ ಶಿಕ್ಷಕರಿಗೆ ಶಾಲೆಯ ಸುತ್ತಲಿನ ಊರೇ ಪ್ರಯೋಗಶಾಲೆ. ಪ್ರಶಿಕ್ಷಣಾರ್ಥಿಗಳು ಪಠ್ಯಪುಸ್ತಕವನ್ನು ಊರಿನೊಂದಿಗೆ ಜೋಡಿಸಲು ಕಲಿತರೆ ಆರೂ ಶಾಖೆಗಳು ಜೀವ ಪಡೆಯುತ್ತವೆ.

ಇತಿಹಾಸವನ್ನು ತೆಗೆದುಕೊಂಡರೆ, ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಎಂಬ ಸಣ್ಣ ಗ್ರಾಮದ ಹೆಸರು ಅಲ್ಲಿ ದೊರೆತ ಕನ್ನಡ ಶಾಸನದಿಂದಾಗಿ ನಾಡಿಗೆಲ್ಲ ಪರಿಚಿತವಾಗಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಶಿಲಾಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ, ಬೇರೆಡೆ ಬಿರುದಿನಿಂದ ಮಾತ್ರ ಉಲ್ಲೇಖಗೊಂಡಿದ್ದ ಅರಸ ಯಾರೆಂಬ ಪ್ರಶ್ನೆಗೆ ಆಧಾರ ದೊರೆಯಿತು. ಊರ ಹೊರಗಿನ ಕಲ್ಲೊಂದು ದೇಶದ ಇತಿಹಾಸವನ್ನು ಖಚಿತಪಡಿಸಬಲ್ಲದೆಂದು ತಿಳಿದ ಮಗು ತನ್ನ ಊರಿನ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಸುಣ್ಣ ಬಳಿಯುವುದನ್ನು ತಡೆಯುತ್ತದೆ.

ಅರ್ಥಶಾಸ್ತ್ರಕ್ಕೆ ಪಂಚಾಯಿತಿಯ ಆಯವ್ಯಯವೇ ಪಾಠ. ಊರೊಂದರಲ್ಲಿ 500 ಮನೆಗಳಿದ್ದು ಪ್ರತಿ ಮನೆಗೆ ವರ್ಷಕ್ಕೆ 400 ರೂಪಾಯಿ ತೆರಿಗೆ ಇದೆಯೆಂದು ಭಾವಿಸಿದರೆ ಒಟ್ಟು ಬೇಡಿಕೆ 2,00,000 ರೂಪಾಯಿ. 300 ಮನೆಯವರು ಮಾತ್ರ ಕಟ್ಟಿದರೆ ವಸೂಲಿ 1,20,000 ರೂಪಾಯಿ, ಬಾಕಿ 80,000 ರೂಪಾಯಿ. ಈ ಬಾಕಿಯಿಂದ ಯಾವ ಬೀದಿದೀಪ ಉರಿಯಲಿಲ್ಲ, ಯಾವ ಕೊಳವೆಬಾವಿಯ ದುರಸ್ತಿ ನಿಂತಿತು ಎಂದು ಮಕ್ಕಳೇ ಲೆಕ್ಕ ಹಾಕಿದಾಗ ತೆರಿಗೆ ಎಂಬ ಪದ ಮನದಟ್ಟಾಗುತ್ತದೆ. ವ್ಯವಹಾರ ಅಧ್ಯಯನಕ್ಕೆ ಹಾಲು ಉತ್ಪಾದಕರ ಸಹಕಾರ ಸಂಘ ಮತ್ತು ಸ್ವಸಹಾಯ ಗುಂಪಿನ ಪುಸ್ತಕಗಳಿವೆ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಸಹಕಾರ ಸಂಘ ಸ್ಥಾಪನೆಯಾದುದನ್ನು ಅದರೊಂದಿಗೆ ಸೇರಿಸಿ ಹೇಳಿದರೆ ಸಹಕಾರ ಚಳವಳಿಯಲ್ಲಿ ಹಳ್ಳಿಯ ಪಾತ್ರ ಸ್ಪಷ್ಟವಾಗುತ್ತದೆ. ಭೂಗೋಳಕ್ಕೆ ಕೆರೆ, ಕಾಲುವೆ, ಗ್ರಾಮ ನಕ್ಷೆ ಮತ್ತು ಜೀವವೈವಿಧ್ಯ ನಿರ್ವಹಣಾ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿ ಇವೆ.

ರಾಜ್ಯಶಾಸ್ತ್ರಕ್ಕೆ ಸದಸ್ಯರೇ ಆಧಾರ. ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಆರಂಭವಾದುದು 1881ರಲ್ಲಿ. ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯ್ದೆಯಿಂದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳು ಬಂದವು. 73ನೇ ತಿದ್ದುಪಡಿಯ ಬಳಿಕ 1993ರ ಪಂಚಾಯತ್ ರಾಜ್ ಅಧಿನಿಯಮ ಜಾರಿಗೆ ಬಂದಿತು. ಈ ಸರಪಳಿಯ ಕೊನೆಯ ಕೊಂಡಿಯಾಗಿ, ಸರಿಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಆಯ್ಕೆಯಾದ ತಮ್ಮ ವಾರ್ಡಿನ ಸದಸ್ಯರು ತರಗತಿಗೆ ಬಂದು ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದರೆ ಅದಕ್ಕಿಂತ ಉತ್ತಮ ಪಾಠೋಪಕರಣ ಬೇರೊಂದಿಲ್ಲ. ವಿಶೇಷವಾಗಿ ಮಹಿಳಾ ಸದಸ್ಯರ ಭೇಟಿಯಿಂದ ಪಂಚಾಯಿತಿಗಳಲ್ಲಿ ಮಹಿಳೆಯರಿಗಿರುವ ಅರ್ಧದಷ್ಟು ಮೀಸಲಾತಿ ಹೆಣ್ಣುಮಕ್ಕಳಿಗೆ ಕಣ್ಣಾರೆ ಕಂಡ ಸತ್ಯವಾಗುತ್ತದೆ.

ಸೂಕ್ಷ್ಮ ವಿಷಯಗಳ ಬೋಧನೆ

ಜಾತಿ, ಧರ್ಮ, ಚುನಾವಣೆ, ಭೂಮಿ ಇವೆಲ್ಲ ಸಮಾಜ ವಿಜ್ಞಾನದ ಪಾಠಗಳೇ. ತರಗತಿಯಲ್ಲಿ ಕುಳಿತಿರುವವರು ಊರಿನ ಎಲ್ಲ ಕೇರಿಗಳ ಮಕ್ಕಳು. ಅಸ್ಪೃಶ್ಯತೆಯ ಪಾಠ ಮಾಡುವಾಗ ಒಂದು ಮಗು ತಲೆ ತಗ್ಗಿಸುವಂತಾದರೆ ಪಾಠ ವಿಫಲವಾದಂತೆ. ತಗ್ಗಬೇಕಾದುದು ಆಚರಣೆಯ ತಲೆ, ಮಗುವಿನದಲ್ಲ. ಇದನ್ನು ಅರಿತು ಬೋಧಿಸುವುದು ಸಿದ್ಧತೆಯ ಕಠಿಣ ಭಾಗ. ಪ್ರತಿ ಹೇಳಿಕೆಗೂ ಆಧಾರ ಕೇಳುವುದು, ಐತಿಹ್ಯವನ್ನು ಐತಿಹ್ಯವೆಂದೂ ಶಾಸನವನ್ನು ಶಾಸನವೆಂದೂ ಬೇರ್ಪಡಿಸಿ ಹೇಳುವುದು, ಭಿನ್ನಾಭಿಪ್ರಾಯವಿರುವೆಡೆ ಎರಡೂ ಪಕ್ಷಗಳನ್ನು ಮುಂದಿಡುವುದು, ಊರಿನ ವ್ಯಾಜ್ಯಗಳಲ್ಲಿ ಹೆಸರು ಹಿಡಿದು ಉದಾಹರಣೆ ಕೊಡದಿರುವುದು ಇವು ಪ್ರಶಿಕ್ಷಣಾರ್ಥಿಗಳು ರೂಢಿಸಿಕೊಳ್ಳಬೇಕಾದ ಶಿಸ್ತುಗಳು. ಸದಸ್ಯರೂ ತರಗತಿಗೆ ಭೇಟಿ ನೀಡುವಾಗ ಪಕ್ಷ, ಗುಂಪು ಮತ್ತು ಮುಂಬರುವ ಚುನಾವಣೆಯ ಪ್ರಸ್ತಾಪ ಮಾಡಬಾರದು. ಶಿಕ್ಷಕರು ಕಠಿಣ ಪ್ರಶ್ನೆಗಳನ್ನು ಚರ್ಚಿಸಿದರೆಂಬ ಕಾರಣಕ್ಕೆ ಅವರ ಮೇಲೆ ಒತ್ತಡ ತರುವುದೂ ಸಲ್ಲದು.

ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

1. ಅರಿವು ಕೇಂದ್ರದಲ್ಲಿ 6ರಿಂದ 10ನೇ ತರಗತಿಯ ಸಮಾಜ ವಿಜ್ಞಾನ ಪಠ್ಯಪುಸ್ತಕಗಳು, ಭೂಪಟ, ಟಿ.ಇ.ಟಿ.ಯ ಹಿಂದಿನ ಪ್ರಶ್ನೆಪತ್ರಿಕೆಗಳು ಹಾಗೂ ಸಂವಿಧಾನದ ಕನ್ನಡ ಪ್ರತಿಯನ್ನು ಇರಿಸುವುದು. ಬಿ.ಇಡಿ. ಪ್ರವೇಶ, ಟಿ.ಇ.ಟಿ. ಮತ್ತು ನೇಮಕಾತಿ ಪ್ರಕಟಣೆಗಳನ್ನು ಸೂಚನಾ ಫಲಕದಲ್ಲಿ ಹಾಕುವುದು.

2. ಫಲಿತಾಂಶ ಪ್ರಕಟವಾದ ಬಳಿಕ, ಪದವಿ ಪ್ರವೇಶ ಆರಂಭವಾಗುವ ಮುನ್ನ, ಪಿ.ಯು.ಸಿ. ಮುಗಿಸಿದವರಿಗೆ ಸ್ಥಳೀಯ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರಿಂದ ವಿಷಯ ಆಯ್ಕೆಯ ಕುರಿತು ಒಂದು ಮಾರ್ಗದರ್ಶನ ಸಭೆ ಏರ್ಪಡಿಸುವುದು. ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯಗಳ ಮಾಹಿತಿಯನ್ನೂ ಅಲ್ಲಿಯೇ ನೀಡುವುದು.

3. ವ್ಯಾಪ್ತಿಯ ಶಾಲೆಗಳಿಗೆ ತರಬೇತಿಗೆ ಬರುವ ಬಿ.ಇಡಿ. ಪ್ರಶಿಕ್ಷಣಾರ್ಥಿಗಳನ್ನು ಮುಖ್ಯ ಶಿಕ್ಷಕರ ಮೂಲಕ ಪಂಚಾಯಿತಿಗೆ ಆಹ್ವಾನಿಸಿ, ಸಾರ್ವಜನಿಕವಾಗಿ ಪ್ರಕಟಿಸಬೇಕಾದ ಆಯವ್ಯಯ, ಕ್ರಿಯಾಯೋಜನೆ ಮತ್ತು ನಡಾವಳಿಗಳನ್ನು ಪಾಠಕ್ಕೆ ಬಳಸಲು ಒದಗಿಸುವುದು. ಹೊರ ಊರಿನಿಂದ ಬರುವ ಪ್ರಶಿಕ್ಷಣಾರ್ಥಿನಿಯರಿಗೆ ಸುರಕ್ಷಿತ ವಸತಿ ಹುಡುಕಿಕೊಳ್ಳಲು ನೆರವಾಗುವುದು.

4. ಮಕ್ಕಳ ಗ್ರಾಮಸಭೆಯ ಸಿದ್ಧತೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕರು ಮತ್ತು ಪ್ರಶಿಕ್ಷಣಾರ್ಥಿಗಳ ಸಹಕಾರ ಪಡೆಯುವುದು. ಮಕ್ಕಳು ಸಲ್ಲಿಸಿದ ಬೇಡಿಕೆಗಳಿಗೆ ಕೈಗೊಂಡ ಕ್ರಮವನ್ನು ಮುಂದಿನ ಸಭೆಯಲ್ಲಿ ಓದಿ ಹೇಳುವುದು. ಕೇಳಿದ ಪ್ರಶ್ನೆಗೆ ಉತ್ತರ ಬಂದಾಗಲೇ ಪ್ರಜಾಪ್ರಭುತ್ವದ ಪಾಠ ಪೂರ್ಣವಾಗುತ್ತದೆ.

5. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹುದ್ದೆ ಖಾಲಿ ಇದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದಿಗೆ ಚರ್ಚಿಸಿ ಕ್ಷೇತ್ರ ಶಿಕ್ಷಣಾಧಿಕಾರಿಯವರ ಗಮನಕ್ಕೆ ಲಿಖಿತವಾಗಿ ತರುವುದು. ಅತಿಥಿ ಶಿಕ್ಷಕರ ಆಯ್ಕೆಯಲ್ಲಿ ವಿದ್ಯಾರ್ಹತೆಯೊಂದನ್ನೇ ಪರಿಗಣಿಸಲು ಸಹಕರಿಸುವುದು. ಯಾರ ಪರವಾಗಿಯೂ ಶಿಫಾರಸು ಮಾಡದಿರುವುದು.

6. ಮಾನ್ಯತೆ ಇಲ್ಲದ ಸಂಸ್ಥೆಗಳು ಮತ್ತು ಮಧ್ಯವರ್ತಿಗಳ ಕುರಿತು ವಾರ್ಡ್ ಸಭೆ ಹಾಗೂ ಗ್ರಾಮಸಭೆಗಳಲ್ಲಿ ಎಚ್ಚರಿಕೆ ನೀಡುವುದು.

ಈ ಕ್ರಮಗಳಲ್ಲಿ ಹೆಚ್ಚಿನವುಗಳಿಗೆ ಹೆಚ್ಚುವರಿ ಅನುದಾನದ ಅಗತ್ಯವಿಲ್ಲ. ಪಿ.ಯು.ಸಿ.ಯಿಂದ ನೇಮಕಾತಿ ಆದೇಶದವರೆಗೆ ಆರೇಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವ ಈ ದಾರಿಯಲ್ಲಿ ಒಂದು ಸರಿಯಾದ ಮಾತು ಸರಿಯಾದ ಸಮಯಕ್ಕೆ ತಲುಪಿದರೆ ಒಂದು ಕುಟುಂಬದ ವರ್ಷಗಳು ಉಳಿಯುತ್ತವೆ. ಹಾಗೆ ಸಿದ್ಧರಾಗಿ ಬಂದ ಶಿಕ್ಷಕರು ತಮ್ಮ ಸೇವಾವಧಿಯಲ್ಲಿ ಸಾವಿರಾರು ಮಕ್ಕಳಿಗೆ ಗ್ರಾಮಸಭೆಯ ಅರ್ಥವನ್ನು ಕಲಿಸುತ್ತಾರೆ. ಮುಂಬರುವ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ಅರಿವು ಕೇಂದ್ರದ ಪುಸ್ತಕಗಳು ಮತ್ತು ಮಾರ್ಗದರ್ಶನ ಸಭೆಯ ದಿನಾಂಕದ ಕುರಿತು ತೀರ್ಮಾನಿಸುವುದು ಅಪೇಕ್ಷಣೀಯವಾಗಿದೆ.